ಡೇಗು ಮೆಟ್ರೊ, 2003: ಬೆಂಕಿ ಬಿದ್ದದ್ದು ಒಂದು ರೈಲಿಗೆ, ಹೆಚ್ಚು ಜನ ಸತ್ತದ್ದು ಇನ್ನೊಂದರಲ್ಲಿ

2003ರ ಫೆಬ್ರವರಿ 18, ಮಂಗಳವಾರ. ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಮೆಟ್ರೊ ಒಂದನೇ ಮಾರ್ಗದ 1079ನೇ ರೈಲು ಬೆಳಗ್ಗೆ 9.53ರ ಸುಮಾರಿಗೆ ಜುಂಗಾಂಗ್ನೊ ನಿಲ್ದಾಣ ತಲುಪಿತು. ಆರು ಬೋಗಿಗಳ ರೈಲು. ಒಳಗಿದ್ದ 56 ವರ್ಷದ ಒಬ್ಬ, ಚೀಲದಲ್ಲಿ ತಂದಿದ್ದ ಉರಿಯುವ ದ್ರವಕ್ಕೆ ಬೆಂಕಿ ಹಚ್ಚಿದ. ಅಕ್ಕಪಕ್ಕದವರು ತಡೆಯಲು ನೋಡಿದರೂ ಆಗಲಿಲ್ಲ. ರೈಲು ನಿಲ್ದಾಣದಲ್ಲಿತ್ತು, ಬಾಗಿಲು ತೆರೆದಿತ್ತು. ಹಾಗಾಗಿ ಆ ರೈಲಿನ ಬಹಳ ಜನ ಹೊರಗೆ ಓಡಿ ಬದುಕಿದರು. ಬೆನ್ನು, ಕಾಲು ಸುಟ್ಟುಕೊಂಡ ಆ ವ್ಯಕ್ತಿಯೂ ಅವರ ನಡುವೆಯೇ ಪಾರಾದ. ಎರಡು ನಿಮಿಷದೊಳಗೆ ಬೆಂಕಿ ಆರೂ ಬೋಗಿಗಳಿಗೆ ಹಬ್ಬಿತು.

ಸುಮಾರು ನಾಲ್ಕು ನಿಮಿಷದ ಬಳಿಕ ಎದುರು ದಿಕ್ಕಿನಿಂದ 1080ನೇ ರೈಲು ಬಂದು, ಉರಿಯುತ್ತಿದ್ದ ರೈಲಿನ ಪಕ್ಕದ ಹಳಿಯಲ್ಲಿ ನಿಂತಿತು. ಬಾಗಿಲು ಒಮ್ಮೆ ತೆರೆದು, ಹೊಗೆ ನುಗ್ಗುತ್ತದೆಂದು ಕೂಡಲೇ ಮುಚ್ಚಿಕೊಂಡಿತು. ಅಷ್ಟರಲ್ಲಿ ಬೆಂಕಿಯ ಸ್ವಯಂಚಾಲಿತ ರಕ್ಷಣಾ ವ್ಯವಸ್ಥೆ ವಿದ್ಯುತ್ ಕಡಿದು ಹಾಕಿತು. ಎರಡೂ ರೈಲುಗಳು ಇದ್ದಲ್ಲೇ ಉಳಿದವು. 1080ರ ಚಾಲಕ ಮೇಲಧಿಕಾರಿಗಳನ್ನು ಸಂಪರ್ಕಿಸಲು ಒದ್ದಾಡುತ್ತಾ, ಕುಳಿತಲ್ಲೇ ಇರಿ ಎಂದು ಪ್ರಯಾಣಿಕರಿಗೆ ಮೂರು ಬಾರಿ ಧ್ವನಿವರ್ಧಕದಲ್ಲಿ ಹೇಳಿದ. ಕೊನೆಗೆ ಬಿಟ್ಟು ಓಡು ಎಂಬ ಆದೇಶ ಬಂದಾಗ ಮಾಸ್ಟರ್ ಕೀ ಕಿತ್ತುಕೊಂಡು ಹೊರಟ. ಆ ಕೀ ತೆಗೆದ ಕೂಡಲೇ ಬಾಗಿಲುಗಳಿಗೆ ಬಲ ಕೊಡುತ್ತಿದ್ದ ಬ್ಯಾಟರಿಯೂ ಸ್ಥಗಿತವಾಯಿತು. ಬೋಗಿಗಳೊಳಗೆ ಸಿಕ್ಕಿಕೊಂಡ 79 ಜನ ಅಲ್ಲೇ ಸತ್ತರೆಂದು ಮುಂದಿನ ತನಿಖೆ ಹೇಳಿತು. ಒಟ್ಟು ಸತ್ತವರು 192, ಗಾಯಗೊಂಡವರು ಸುಮಾರು 150. ಬೆಂಕಿ ಪೂರ್ತಿ ಆರಿದ್ದು ಮಧ್ಯಾಹ್ನ 1.38ಕ್ಕೆ. ವಿಷಗಾಳಿಯಿಂದಾಗಿ ಇನ್ನೂ ಮೂರು ತಾಸು ಒಳಗೆ ಕಾಲಿಡಲಾಗಲಿಲ್ಲ.

ಸಾರ್ವಜನಿಕ ಸಾರಿಗೆಯ ಭದ್ರತೆಯ ಬಗ್ಗೆ ಕೆಲಸ ಮಾಡುವವರು ಈ ಪ್ರಕರಣವನ್ನು ಹೆಚ್ಚಾಗಿ ಅಗ್ನಿ ಸುರಕ್ಷತೆಯ ಕಪಾಟಿಗೆ ಸೇರಿಸಿಬಿಡುತ್ತಾರೆ. ಅದು ತಪ್ಪು ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದು ಬೇಕೆಂದೇ ಮಾಡಿದ ದಾಳಿ. ದಾಳಿಕೋರ ಮಾಡಿದ್ದು ಒಂದು ಬೋಗಿಯಲ್ಲಿ ಬೆಂಕಿ ಹಚ್ಚಿದ್ದಷ್ಟೇ, ಉಳಿದದ್ದು ವ್ಯವಸ್ಥೆಯೊಳಗೇ ನಡೆಯಿತು. ಆದ್ದರಿಂದಲೇ ಬೆದರಿಕೆ ಅಳೆಯುವ ವಿಧಾನವನ್ನು ಪರೀಕ್ಷಿಸಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ಸಿಗುವುದು ಕಷ್ಟ.

ಅಂಕಪಟ್ಟಿಗೆ ಕಾಣದ ಅಪಾಯ

ಭದ್ರತಾ ಮೌಲ್ಯಮಾಪನದ ಚಾಲ್ತಿ ಸೂತ್ರ ಎಲ್ಲರಿಗೂ ಗೊತ್ತು: ಬೆದರಿಕೆ, ದೌರ್ಬಲ್ಯ, ಪರಿಣಾಮ ಮೂರಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು ಗುಣಿಸುವುದು. ಘಟನೆಯ ಹಿಂದಿನ ದಿನ ಯಾರಾದರೂ ಈ ಲೆಕ್ಕ ಹಾಕಿದ್ದರೆ ಏನಾಗುತ್ತಿತ್ತು ನೋಡೋಣ. ಯಾವ ಸಂಘಟನೆಗೂ ಸೇರದ, ಪಾರ್ಶ್ವವಾಯುವಿನಿಂದ ದೇಹದ ಒಂದು ಭಾಗ ಬಿದ್ದುಹೋಗಿದ್ದ, ಬದುಕಿನ ಮೇಲೆ ಕೋಪಗೊಂಡ ಒಂಟಿ ಮನುಷ್ಯ. ಅವನ ಬಗ್ಗೆ ಗುಪ್ತಚರ ಮಾಹಿತಿ ಬರುವ ದಾರಿಯೇ ಇಲ್ಲ. ಬೆದರಿಕೆಗೆ 1 ಅಥವಾ 2 ಅಂಕ. ಯಾರೂ ತಪಾಸಣೆ ಮಾಡದ ರೈಲು, ಹಾಗಾಗಿ ದೌರ್ಬಲ್ಯಕ್ಕೆ 5. ಪರಿಣಾಮ? ಕಣ್ಣಮುಂದೆ ಬರುವ ಚಿತ್ರ ಒಂದು ಬೋಗಿ ಸುಟ್ಟು, ಹತ್ತಾರು ಜನರಿಗೆ ಗಾಯ. ಅದಕ್ಕೆ 2. ಎರಡು, ಐದು, ಎರಡನ್ನು ಗುಣಿಸಿದರೆ 20. ಅದೇ ಪಟ್ಟಿಯಲ್ಲಿ ಬಾಂಬ್ ಸ್ಫೋಟಕ್ಕೆ 60 ಬಂದಿರುತ್ತದೆ. ಹಣ, ಸಿಬ್ಬಂದಿ, ಗಮನ ಎಲ್ಲವೂ ಅತ್ತ ಹೋಗುತ್ತವೆ.

ಎಡವಟ್ಟು ಇರುವುದು ಮೂರನೇ ಅಂಕದಲ್ಲಿ. ಪರಿಣಾಮವನ್ನು ದಾಳಿಕೋರನ ಕೈಯಲ್ಲಿರುವ ವಸ್ತುವಿನಿಂದ ಅಳೆಯಲಾಗುತ್ತದೆ. ಆ ವಸ್ತು ಕೆಲಸ ಶುರುಮಾಡಿದ ಮೇಲೆ ನಿಲ್ದಾಣ, ರೈಲು, ಕಂಟ್ರೋಲ್ ರೂಮ್ ಏನು ಮಾಡುತ್ತವೆ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಇದಕ್ಕೆ ನಾವು ಸೂಚಿಸುವ ತಿದ್ದುಪಡಿ ಸರಳ: ಪ್ರತಿ ಸನ್ನಿವೇಶಕ್ಕೂ ಪರಿಣಾಮವನ್ನು ಎರಡು ಸಲ ಅಂದಾಜಿಸಿ. ಮೊದಲ ಸಲ ಎಲ್ಲ ರಕ್ಷಣೆಗಳೂ ಪುಸ್ತಕದಲ್ಲಿ ಬರೆದಂತೆ ನಡೆದರೆ ಎಂದು. ಎರಡನೇ ಸಲ ಅವುಗಳಲ್ಲಿ ಮೂರು ಒಟ್ಟಿಗೆ ಕೈಕೊಟ್ಟರೆ ಎಂದು. ಮೊದಲನೆಯದು 2, ಎರಡನೆಯದು 5 ಬಂದರೆ, ಆ ಸನ್ನಿವೇಶದ ಬೆದರಿಕೆ ಅಂಕ ಎಷ್ಟೇ ಚಿಕ್ಕದಿರಲಿ, ಅದನ್ನು ಪಟ್ಟಿಯ ಮೇಲಕ್ಕೆ ತನ್ನಿ. ಏಕೆಂದರೆ ಆ ನಡುವಿನ ಅಂತರ ಪೂರ್ತಿಯಾಗಿ ಸಂಸ್ಥೆಯ ಕೈಯಲ್ಲೇ ಇದೆ. ಒಬ್ಬ ಮನುಷ್ಯನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಯಾವ ಮೆಟ್ರೊ ಸಂಸ್ಥೆಯ ಕೈಲೂ ಆಗುವ ಮಾತಲ್ಲ. ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬುದನ್ನು ತಿಳಿಯಬಹುದು.

ನಾಲ್ಕು ನಿಮಿಷದಲ್ಲಿ ಕಳೆದುಹೋದದ್ದು

1079ರ ಚಾಲಕ ಬೆಂಕಿಯ ಸುದ್ದಿಯನ್ನು ತಕ್ಷಣ ಕಂಟ್ರೋಲ್ ರೂಮ್‌ಗೆ ತಿಳಿಸಲಿಲ್ಲ. ಆದರೆ ಸುದ್ದಿ ಬರಲು ಬೇರೆ ದಾರಿಗಳೂ ಇದ್ದವು. ನಿಲ್ದಾಣದ ಸಂವೇದಕ ಎಚ್ಚರಿಕೆ ಕಳಿಸಿತ್ತು. ಸುಳ್ಳು ಅಲಾರಂ ಆಗಾಗ ಬರುತ್ತಿದ್ದುದರಿಂದ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಸಿಸಿಟಿವಿ ಪರದೆಗಳಿದ್ದವು, ಯಾರೂ ಸಮಯಕ್ಕೆ ಸರಿಯಾಗಿ ಗಮನಿಸಲಿಲ್ಲ. ಬೆಂಕಿ ಗೊತ್ತಾದ ಮೇಲೂ ಉಳಿದ ಚಾಲಕರಿಗೆ ಹೋದ ಸೂಚನೆ, ಜುಂಗಾಂಗ್ನೊದಲ್ಲಿ ಬೆಂಕಿ ಬಿದ್ದಿದೆ, ಎಚ್ಚರಿಕೆಯಿಂದ ಓಡಿಸಿ ಎಂಬುದು. ನಿಲ್ಲಿಸಿ ಎಂದಲ್ಲ.

"ಎಚ್ಚರಿಕೆಯಿಂದ ಓಡಿಸಿ" ಎಂಬ ಮಾತನ್ನು ತುರ್ತು ಸೂಚನೆಗಳ ಪಟ್ಟಿಯಿಂದಲೇ ತೆಗೆದುಹಾಕಬೇಕು. ಚಾಲಕನಿಗೆ ಅದರಿಂದ ಮಾಡಲು ಏನೂ ಸಿಗುವುದಿಲ್ಲ. ಸುರಂಗದಲ್ಲಿ ಮೂರೇ ಮೂರು ಆದೇಶಗಳಿಗೆ ಅರ್ಥವಿದೆ: ಇರುವ ನಿಲ್ದಾಣದಲ್ಲೇ ನಿಲ್ಲು, ಸುರಂಗದಲ್ಲಿ ನಿಂತು ಹಿಂದಕ್ಕೆ ಹೋಗಲು ಸಿದ್ಧನಾಗು, ನಿಲ್ಲದೆ ನಿಲ್ದಾಣ ದಾಟಿ ಮುಂದೆ ಹೋಗು. ಯಾವುದು ಯಾವಾಗ ಎಂಬುದನ್ನು ಮೊದಲೇ ನಿರ್ಧರಿಸಿ ಬರೆದಿಡಬೇಕು. ಹಿಂದಿನ ನಿಲ್ದಾಣ ಬಿಟ್ಟಿರದ ರೈಲಿಗೆ ಮೊದಲನೆಯದು, ಅದಕ್ಕೆ ಹೊರಡುವ ಸಿಗ್ನಲ್ ಕೆಂಪು ಮಾಡಿದರೆ ಸಾಕು, ಮಾತೂ ಬೇಕಿಲ್ಲ. ಹೊರಟಾಗಿದ್ದು, ಪ್ಲಾಟ್‌ಫಾರ್ಮಿಗೆ ಮೊದಲು ಬ್ರೇಕ್ ಹಾಕಿ ನಿಲ್ಲಲು ಜಾಗವಿದ್ದರೆ ಎರಡನೆಯದು. ರೈಲಿನ ಮೂತಿ ಆಗಲೇ ಪ್ಲಾಟ್‌ಫಾರ್ಮ್ ಸೇರಿದ್ದರೆ ಮೂರನೆಯದು: ಬಾಗಿಲು ತೆರೆಯದೆ, ವಿದ್ಯುತ್ ಇರುವಷ್ಟರಲ್ಲಿ ದಾಟಿಬಿಡುವುದು.

ಇದಕ್ಕೊಂದು ಕಾಲಮಿತಿ ಇದೆ, ಅದನ್ನು ಯಾವ ಮೆಟ್ರೊದಲ್ಲಾದರೂ ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹಾಕಬಹುದು. ಪಕ್ಕದ ನಿಲ್ದಾಣದಿಂದ ಈ ನಿಲ್ದಾಣಕ್ಕೆ ರೈಲು ಓಡಲು ಹಿಡಿಯುವ ಸಮಯ 80 ಸೆಕೆಂಡ್ ಎಂದಿಟ್ಟುಕೊಳ್ಳಿ. ಬೆಂಕಿ ಕಾಣಿಸಿದ ಗಳಿಗೆಯಿಂದ ಮುಂದಿನ ರೈಲನ್ನು ತಡೆಯುವವರೆಗಿನ ಸಮಯ ಆ 80 ಸೆಕೆಂಡ್ ಮೀರಿದರೆ, ಬೆಂಕಿಯ ನಂತರ ಹೊರಟ ರೈಲು ಕೂಡ ಒಳಗೆ ಬಂದುಬಿಡಬಹುದು. ಡೇಗುವಿನಲ್ಲಿ ಸುಮಾರು ನಾಲ್ಕು ನಿಮಿಷ, ಅಂದರೆ 240 ಸೆಕೆಂಡ್ ಇತ್ತು. ಎರಡೂ ದಿಕ್ಕಿಗೂ ಈ ಲೆಕ್ಕ ಬೇರೆ ಬೇರೆಯಾಗಿ ಹಾಕಬೇಕು. ಎದುರು ಹಳಿಯನ್ನು ಮರೆಯುವುದೇ ಎಲ್ಲರೂ ಮಾಡುವ ತಪ್ಪು, ಅಲ್ಲಿ ಆದದ್ದೂ ಅದೇ.

ವಿದ್ಯುತ್ ಕಡಿತದ ಕ್ರಮವನ್ನೂ ಇದರೊಡನೆಯೇ ನೋಡಬೇಕು. ಡೇಗು ಒಂದನೇ ಮಾರ್ಗಕ್ಕೆ ಮೇಲಿನ ತಂತಿಯಿಂದ 1500 ವೋಲ್ಟ್ ಡಿಸಿ ವಿದ್ಯುತ್ ಬರುತ್ತದೆ. ನೀರಿನ ಪೈಪ್ ಹಿಡಿದ ಅಗ್ನಿಶಾಮಕರಿಗಾಗಿ, ಹಳಿಗೆ ಇಳಿದ ಜನರಿಗಾಗಿ ಅದನ್ನು ಕಡಿಯಲೇಬೇಕು. ಆದರೆ ಹತ್ತಿರದ ರೈಲುಗಳು ಅಲ್ಲಿಂದ ತೆರಳಿದ ಮೇಲೆ. ಎರಡೂ ಹಳಿಗಳ ವಿದ್ಯುತ್ ಒಂದೇ ಹೊಡೆತಕ್ಕೆ ಹೋಗುವಂತಿದ್ದರೆ, ರಕ್ಷಣೆಗೆಂದು ಇಟ್ಟ ಸ್ವಿಚ್ಚೇ ಎರಡನೇ ರೈಲನ್ನು ಬೆಂಕಿಯ ಪಕ್ಕ ಕಟ್ಟಿಹಾಕುತ್ತದೆ. ಪ್ರತಿ ಹಳಿಗೂ ಪ್ರತ್ಯೇಕ ವಿಭಾಗ ಇರಬೇಕು. ಸ್ವಯಂಚಾಲಿತ ಕಡಿತಕ್ಕೆ ಮೊದಲು ಪಕ್ಕದ ಹಳಿಯ ರೈಲು ಚಲಿಸುತ್ತಿದೆಯೇ ಎಂದು ಸಿಗ್ನಲ್ ವ್ಯವಸ್ಥೆ ನೋಡಬೇಕು. ಹಳೆಯ ಮಾರ್ಗಗಳಲ್ಲಿ ಇದು ದುಬಾರಿ ಕೆಲಸ. ಆದರೂ ಪಟ್ಟಿಯಲ್ಲಿ ಮೇಲೆಯೇ ಇರಬೇಕಾದದ್ದು.

ಒಂದು ಕೀ

1080ರ ಚಾಲಕನ ನಡತೆಯನ್ನು ಬಹಳ ಜನ ಹೇಡಿತನ ಎಂದು ಮಾತ್ರ ಓದುತ್ತಾರೆ. ನ್ಯಾಯಾಲಯ ಎರಡೂ ರೈಲುಗಳ ಚಾಲಕರಿಗೆ ಜೈಲು ಶಿಕ್ಷೆ ಕೊಟ್ಟಿತು. ಅವರ ಹೊಣೆಯನ್ನು ಕಡಿಮೆ ಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ಮೌಲ್ಯಮಾಪನ ಮಾಡುವವರು ಅಲ್ಲಿಗೇ ನಿಲ್ಲಬಾರದು. ಕ್ಯಾಬ್ ಬಿಡುವಾಗ ಕೀ ತೆಗೆದುಕೊಳ್ಳುವುದು ರೈಲು ಚಾಲಕರ ದಿನನಿತ್ಯದ ಅಭ್ಯಾಸ. ದಿನಕ್ಕೆ ಹತ್ತು ಸಲ ಕೈ ತಾನಾಗಿ ಮಾಡುವ ಕೆಲಸ. ಹೊಗೆಯ ನಡುವೆ, ಓಡು ಎಂಬ ಆದೇಶ ಕಿವಿಗೆ ಬಿದ್ದಾಗಲೂ ಕೈ ಅದನ್ನೇ ಮಾಡುತ್ತದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಲೋಹದ ತುಂಡು. ಅದನ್ನು ತಿರುಗಿಸಿ ಎಳೆದರೆ ಕ್ಯಾಬಿನ ನಿಯಂತ್ರಣ ಸತ್ತು, ಬ್ಯಾಟರಿಯ ಸರ್ಕ್ಯೂಟ್ ಬಿಟ್ಟು, ಆರು ಬೋಗಿಗಳ ಬಾಗಿಲುಗಳು ಚಾಲಕನ ಮಾತು ಕೇಳದಂತಾಗುತ್ತವೆ. ಒಬ್ಬನ ಅಭ್ಯಾಸಬಲದ ಮೇಲೆ ನೂರಾರು ಜನರ ದಾರಿ ನಿಂತಿತ್ತು. ಅಂಥ ವಿನ್ಯಾಸವನ್ನು ದೌರ್ಬಲ್ಯದ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರೆಯಬೇಕಿತ್ತು.

ಪರೀಕ್ಷೆ ಕಷ್ಟವಲ್ಲ. ಡಿಪೋದಲ್ಲಿ ಒಂದು ರೈಲು ನಿಲ್ಲಿಸಿ, ಮೇಲಿನ ವಿದ್ಯುತ್ ಕಡಿದು, ಕೀ ಹೊರತೆಗೆದು, ಪ್ರತಿ ಬಾಗಿಲಿನ ಬಳಿಯೂ ಒಳಗಿನಿಂದ ತೆರೆಯಲು ನೋಡಿ. ದೀಪ ಆರಿಸಿ, ಆ ರೈಲಿನಲ್ಲಿ ಎಂದೂ ಕೆಲಸ ಮಾಡಿರದ ಒಬ್ಬರಿಂದ ಮಾಡಿಸಿ, ಗಡಿಯಾರ ಹಿಡಿಯಿರಿ. ತುರ್ತು ಹಿಡಿಯನ್ನು ಹುಡುಕಿ ಬಾಗಿಲು ತೆರೆಯಲು 30 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆ ಹಿಡಿ ಇದ್ದೂ ಇಲ್ಲದಂತೆಯೇ. ಇಂಥ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸಿಗುವ ದೋಷಗಳು: ಹಿಡಿಯ ಮುಚ್ಚಳದ ಮೇಲೆ ಹಲವು ಸುತ್ತು ಬಣ್ಣ ಬಳಿದು ಅದು ಅಂಟಿಕೊಂಡಿರುವುದು, ಹಿಡಿ ಸೀಟಿನ ಕೆಳಗಿದ್ದು, ಕುಳಿತವರು ಎದ್ದ ಹೊರತು ಕೈಗೆ ಸಿಗದಿರುವುದು, ಹಿಡಿ ಎಳೆದ ಮೇಲೆ ಬಾಗಿಲನ್ನು ಕೈಯಿಂದ ಪಕ್ಕಕ್ಕೆ ಸರಿಸಬೇಕೆಂಬುದನ್ನು ಸೂಚನೆಯಲ್ಲಿ ಬರೆಯದಿರುವುದು. ಕೊನೆಯದು ಚಿಕ್ಕದೆನಿಸಬಹುದು. ಹಿಡಿ ಎಳೆದೂ ಬಾಗಿಲು ತಾನಾಗಿ ತೆರೆಯದಿದ್ದಾಗ ಜನ ಅದು ಕೆಟ್ಟಿದೆ ಎಂದುಕೊಂಡು ಕೈಬಿಡುತ್ತಾರೆ. ಎರಡು ಚಿತ್ರ, ಎರಡು ಪದ ಸಾಕು: "ಎಳೆಯಿರಿ", "ಸರಿಸಿ". ಕತ್ತಲಲ್ಲಿ ತಾನೇ ಹೊಳೆಯುವ ಬಣ್ಣದಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ. ಹೊಗೆ ಮೇಲೆ ಕಟ್ಟಿಕೊಳ್ಳುತ್ತದೆ, ತಲೆಯೆತ್ತರದ ಫಲಕ ಕಾಣುವುದಿಲ್ಲ.

"ಕುಳಿತಲ್ಲೇ ಇರಿ"

ಗಾಬರಿ ಹಬ್ಬಬಾರದೆಂದು ನಿಜ ಮುಚ್ಚಿಡುವ ರೂಢಿ ಎಲ್ಲ ಸಾರಿಗೆ ಸಂಸ್ಥೆಗಳಲ್ಲೂ ಇದೆ. ದುರಂತಗಳಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ಅಧ್ಯಯನ ಮಾಡಿದವರು ಹೇಳುವುದು ಇದಕ್ಕೆ ವಿರುದ್ಧ: ಜನರನ್ನು ಕೊಲ್ಲುವುದು ಬಹುಪಾಲು ತಡ, ಗಾಬರಿಯಲ್ಲ. ಸೂಚನೆ ಬರುವವರೆಗೆ ಜನ ಕುಳಿತೇ ಇರುತ್ತಾರೆ. ಸೂಚನೆಯೇ "ಕುಳಿತಿರಿ" ಎಂದರೆ ಇನ್ನಷ್ಟು ಹೊತ್ತು ಕುಳಿತಿರುತ್ತಾರೆ. ಡೇಗುವಿನ ರೈಲಿನಲ್ಲಿ ಅದು ಮೂರು ಬಾರಿ ಕೇಳಿಬಂತು.

ಧ್ವನಿಮುದ್ರಿಸಿ ಇಡಬೇಕಾದ ಘೋಷಣೆ ಹೀಗಿದ್ದರೆ ಸಾಕು: "ಪಕ್ಕದ ರೈಲಿಗೆ ಬೆಂಕಿ ಬಿದ್ದಿದೆ. ಬಾಗಿಲು ತೆರೆದಿದೆ. ಸಾಮಾನು ಬಿಟ್ಟು ಈಗಲೇ ಇಳಿಯಿರಿ. ಹಸಿರು ಗೆರೆ ಹಿಡಿದು ಮೆಟ್ಟಿಲು ಹತ್ತಿ." ಬೆಂಕಿ ಎಂಬ ಪದ ನೇರವಾಗಿ ಇರಬೇಕು. "ತಾಂತ್ರಿಕ ಕಾರಣ" ಎಂಬುದು ಇರಕೂಡದು. ಚಾಲಕನ ಬಳಿ ಒಂದೇ ಗುಂಡಿ; ಅದನ್ನೊತ್ತಿದರೆ ಬಾಗಿಲು ತೆರೆದು, ಈ ಘೋಷಣೆ ಮೊಳಗಿ, ಕಂಟ್ರೋಲ್ ರೂಮ್‌ನಲ್ಲಿ ಅಲಾರಂ ಆಗಬೇಕು.

ಇದಕ್ಕಿಂತ ಮುಖ್ಯವಾದದ್ದು ಅಧಿಕಾರ. ನಿಂತ ರೈಲಿನಿಂದ ಪ್ಲಾಟ್‌ಫಾರ್ಮಿಗೆ ಜನರನ್ನು ಇಳಿಸಲು ಚಾಲಕ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ ಎಂದು ನಿಯಮಪುಸ್ತಕದಲ್ಲಿ ಬರೆದಿರಬೇಕು. ಜೊತೆಗೆ, ತಪ್ಪು ತಿಳಿದು ಇಳಿಸಿದರೂ ಶಿಸ್ತುಕ್ರಮವಿಲ್ಲ ಎಂದೂ ಬರೆದಿರಬೇಕು. ಈ ಎರಡನೇ ಸಾಲಿಲ್ಲದೆ ಮೊದಲನೆಯದನ್ನು ಯಾರೂ ಬಳಸುವುದಿಲ್ಲ. ಹತ್ತು ನಿಮಿಷ ತಡವಾದದ್ದಕ್ಕೆ ವಿವರಣೆ ಬರೆದುಕೊಡಬೇಕಾದ ಚಾಲಕ, ಬೆಂಕಿಯ ಮುಂದೆಯೂ ಮೊದಲು ರೇಡಿಯೊ ಎತ್ತಿ ಕೇಳುತ್ತಾನೆ.

ಉರಿದದ್ದು ಏನು

ಒಬ್ಬ ಕೈಯಲ್ಲಿ ಹಿಡಿದು ತರಬಹುದಾದ ದ್ರವ ತಾನಾಗಿ ಉರಿದು ಮುಗಿಯಲು ಹೆಚ್ಚು ಹೊತ್ತು ಬೇಕಾಗಿಲ್ಲ. ಡೇಗುವಿನಲ್ಲಿ ತಾಸುಗಟ್ಟಲೆ ಉರಿದದ್ದು ಬೋಗಿಗಳೇ: ಸೀಟಿನ ಹೊದಿಕೆ, ಗೋಡೆಯ ಫೈಬರ್‌ಗ್ಲಾಸ್ ಹಲಗೆ, ನೆಲದ ವಿನೈಲ್, ಶಾಖ ತಡೆಯಲೆಂದು ಒಳಗೆ ಹಾಕಿದ್ದ ಪಾಲಿಥಿಲೀನ್. ಉಸಿರು ಕಟ್ಟಿಸಿದ ಕಪ್ಪು ಹೊಗೆ ಬಂದದ್ದು ಇವುಗಳಿಂದ. ಒಂದನೇ ಮಾರ್ಗ ಶುರುವಾದದ್ದು 1997ರಲ್ಲಿ, ಅಂದರೆ ಇವು ಹಳೇ ಕಾಲದ ಬೋಗಿಗಳಲ್ಲ, ಆರು ವರ್ಷವೂ ತುಂಬಿರಲಿಲ್ಲ.

ದುರಂತದ ನಂತರ ಕೊರಿಯಾದ ಮೆಟ್ರೊಗಳು ಒಳಸಜ್ಜನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿದವು. ಅಲ್ಲಿ ಈಗ ಕಾಣುವ ಸ್ಟೇನ್‌ಲೆಸ್ ಸ್ಟೀಲ್ ಸೀಟುಗಳು ಆ ಬದಲಾವಣೆಯ ಗುರುತು. ಯುರೋಪಿನಲ್ಲಿ ಇಎನ್ 45545 ಮಾನದಂಡ ರೈಲುಗಳನ್ನು ಎಚ್‌ಎಲ್1ರಿಂದ ಎಚ್‌ಎಲ್3ರವರೆಗೆ ಅಪಾಯದ ಮೂರು ಮಟ್ಟಗಳಲ್ಲಿ ವಿಂಗಡಿಸಿ, ಪ್ರತಿ ವಸ್ತುವಿನ ಉರಿಯುವ ವೇಗ, ಹೊಗೆಯ ದಟ್ಟಣೆ, ವಿಷಾನಿಲ ಮೂರನ್ನೂ ಅಳೆಯುತ್ತದೆ. ಭದ್ರತೆಯ ದೃಷ್ಟಿಯಿಂದ ಅದರಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಸೀಟನ್ನು ಬೇಕೆಂದೇ ಬ್ಲೇಡಿನಿಂದ ಸೀಳಿ, ಒಳಗಿನ ಫೋಮ್ ಹೊರಬಂದ ಸ್ಥಿತಿಯಲ್ಲೂ ಉರಿಸಿ ನೋಡುತ್ತಾರೆ. ಹೊಸ ಬೋಗಿ ಖರೀದಿಸುವಾಗ ಈ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಬೇಕು.

ಕಾಗದದಲ್ಲಿ ಸರಿಯಿದ್ದ ಬೋಗಿ ಕ್ರಮೇಣ ಕೆಡುವುದು ರಿಪೇರಿಯಲ್ಲಿ. ಹರಿದ ಸೀಟಿಗೆ ಹತ್ತಿರ ಸಿಕ್ಕ ಅಗ್ಗದ ಫೋಮ್, ಎದ್ದ ನೆಲಹಾಸಿಗೆ ಸಿಕ್ಕಿದ ಅಂಟು, ಜಾಹೀರಾತಿಗೆಂದು ಗೋಡೆ ತುಂಬ ಪ್ಲಾಸ್ಟಿಕ್ ಹಾಳೆ. ವರ್ಷಕ್ಕೊಮ್ಮೆ ನಾಲ್ಕೈದು ಬೋಗಿಗಳಿಂದ ಸೀಟು, ಗೋಡೆ, ನೆಲದ ತಲಾ ಒಂದು ತುಂಡು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸುವುದು ಇದನ್ನು ಹಿಡಿಯುವ ನೇರ ದಾರಿ. ಮಾದರಿಯನ್ನು ಆರಿಸಬೇಕಾದವರು ಭದ್ರತಾ ವಿಭಾಗದವರು, ವರ್ಕ್‌ಶಾಪಿನವರಲ್ಲ.

ಮೆಟ್ಟಿಲಿನ ಲೆಕ್ಕ

ಜುಂಗಾಂಗ್ನೊ ನಿಲ್ದಾಣದ ಪ್ಲಾಟ್‌ಫಾರ್ಮ್ ನೆಲದಡಿಯ ಮೂರನೇ ಅಂತಸ್ತಿನಲ್ಲಿದೆ. ಪ್ಲಾಟ್‌ಫಾರ್ಮಿನಲ್ಲಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ, ತುರ್ತು ದೀಪಗಳ ಕೊರತೆಯಿತ್ತು, ಹೊಗೆ ಎಳೆಯುವ ಫ್ಯಾನುಗಳು ಸಾಲಲಿಲ್ಲ. ರೈಲಿನಿಂದ ಹೊರಬಂದವರಲ್ಲೂ ಹಲವರು ಕತ್ತಲಲ್ಲಿ ದಾರಿ ತಪ್ಪಿ ಉಸಿರುಗಟ್ಟಿ ಸತ್ತರು.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯೊಂದು ರೈಲು ಸಾರಿಗೆಗೆಂದು ರೂಪಿಸಿದ ಎನ್‌ಎಫ್‌ಪಿಎ 130 ಎಂಬ ಮಾನದಂಡ ಪ್ಲಾಟ್‌ಫಾರ್ಮ್ 4 ನಿಮಿಷದಲ್ಲಿ ಖಾಲಿಯಾಗಬೇಕು, ಅತಿ ದೂರದ ಮೂಲೆಯಿಂದ ಸುರಕ್ಷಿತ ಜಾಗಕ್ಕೆ 6 ನಿಮಿಷದಲ್ಲಿ ತಲುಪಬೇಕು ಎನ್ನುತ್ತದೆ. ಮೆಟ್ಟಿಲಿನ ಸಾಮರ್ಥ್ಯವನ್ನು ಅದು ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 55 ಜನ ಎಂದು ಲೆಕ್ಕಹಾಕುತ್ತದೆ. ಒಂದು ಉದಾಹರಣೆ: ರೈಲಿನಲ್ಲಿ 900 ಜನ, ಪ್ಲಾಟ್‌ಫಾರ್ಮಿನಲ್ಲಿ 300. ತಲಾ 2 ಮೀಟರ್ ಅಗಲದ ಎರಡು ಮೆಟ್ಟಿಲು. ನಿಮಿಷಕ್ಕೆ 220 ಜನ ಹತ್ತುತ್ತಾರೆ, 1200 ಜನರಿಗೆ ಸುಮಾರು ಐದೂವರೆ ನಿಮಿಷ. ಮಿತಿ ಆಗಲೇ ಮೀರಿತು. ಎದುರು ರೈಲು ಇನ್ನೂ 900 ಜನರನ್ನು ತಂದರೆ ಒಂಬತ್ತೂವರೆ ನಿಮಿಷ. ಒಂದು ಮೆಟ್ಟಿಲಿಗೆ ಹೊಗೆ ತುಂಬಿದರೆ ಅದು ಇಮ್ಮಡಿ, 19 ನಿಮಿಷ. ಬೇರೆಲ್ಲ ಕ್ರಮಗಳಿಗಿಂತ ಎರಡನೇ ರೈಲನ್ನು ತಡೆಯುವುದಕ್ಕೆ ಇಷ್ಟು ಒತ್ತು ಕೊಡುತ್ತಿರುವುದು ಇದಕ್ಕೇ. ಮೆಟ್ಟಿಲು ಅಗಲ ಮಾಡಲು ವರ್ಷಗಳು, ಕೋಟಿಗಳು ಬೇಕು. ಸಿಗ್ನಲ್ ಕೆಂಪು ಮಾಡಲು ಬೇಕಾದದ್ದು ಒಂದು ನಿಯಮ, ಒಂದು ಗುಂಡಿ.

ಫ್ಯಾನುಗಳ ಬಗ್ಗೆ ಒಂದೇ ಮಾತು. ಅದೇ ಮಾನದಂಡ ಫ್ಯಾನುಗಳು ಪೂರ್ಣ ವೇಗಕ್ಕೆ ಬರಲು 180 ಸೆಕೆಂಡ್ ಕೊಡುತ್ತದೆ. ಡೇಗುವಿನಲ್ಲಿ ಬೆಂಕಿ ಆರು ಬೋಗಿ ದಾಟಲು ಅಷ್ಟೂ ಬೇಕಾಗಲಿಲ್ಲ. ಆದ್ದರಿಂದ ಫ್ಯಾನ್ ಯಾವ ದಿಕ್ಕಿಗೆ ತಿರುಗಬೇಕು ಎಂಬ ಚರ್ಚೆ ಕಂಟ್ರೋಲ್ ರೂಮ್‌ನಲ್ಲಿ ಆ ಹೊತ್ತಿಗೆ ಶುರುವಾಗಬಾರದು. ಪ್ರತಿ ನಿಲ್ದಾಣಕ್ಕೆ, ಬೆಂಕಿ ಯಾವ ಹಳಿಯಲ್ಲಿ, ರೈಲಿನ ಯಾವ ತುದಿಯಲ್ಲಿ ಎಂಬುದಕ್ಕೆ ತಕ್ಕಂತೆ ಮೊದಲೇ ಸಿದ್ಧಮಾಡಿದ ಕೋಷ್ಟಕ ಇರಬೇಕು. ತಪ್ಪು ದಿಕ್ಕಿಗೆ ತಿರುಗಿದ ಫ್ಯಾನ್ ಹೊಗೆಯನ್ನು ಜನ ಹತ್ತುವ ಮೆಟ್ಟಿಲಿನ ಕಡೆಗೇ ತಳ್ಳುತ್ತದೆ.

ಗಡಿಯಾರ ಹಿಡಿದು ನಡೆಯುವುದು

ಈ ಪ್ರಕರಣದಿಂದ ತೆಗೆದುಕೊಳ್ಳಬೇಕಾದ ಮೌಲ್ಯಮಾಪನ ವಿಧಾನ ಹೀಗೆ. ಕಂಟ್ರೋಲ್ ರೂಮ್, ಚಾಲಕರು, ನಿಲ್ದಾಣ ಸಿಬ್ಬಂದಿ, ಅಗ್ನಿಶಾಮಕ ದಳ, ನಾಲ್ಕು ಕಡೆಯಿಂದ ಒಬ್ಬೊಬ್ಬರು. ರಾತ್ರಿ ರೈಲು ನಿಂತ ಮೇಲೆ ಒಂದು ನಿಲ್ದಾಣ, ಎರಡು ನಿಜವಾದ ರೈಲು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬರು ಕೆಂಪು ದೀಪ ಹಚ್ಚಿದ ಗಳಿಗೆಯೇ ಸೊನ್ನೆ. ಅಲ್ಲಿಂದ ಏಳು ಸಮಯಗಳನ್ನು ಬರೆದುಕೊಳ್ಳಬೇಕು: ಯಾರಿಗಾದರೂ ಮೊದಲು ಗೊತ್ತಾದದ್ದು, ಕಂಟ್ರೋಲ್ ರೂಮ್‌ಗೆ ಗೊತ್ತಾದದ್ದು, ಎರಡೂ ದಿಕ್ಕಿನ ರೈಲು ತಡೆದದ್ದು, ಬಾಗಿಲು ತೆರೆದು ಘೋಷಣೆ ಆದದ್ದು, ಫ್ಯಾನ್ ಸರಿಯಾದ ದಿಕ್ಕಿಗೆ ಪೂರ್ಣ ವೇಗ ಹಿಡಿದದ್ದು, ವಿದ್ಯುತ್ ಕಡಿದದ್ದು, ಕೊನೆಯ ವ್ಯಕ್ತಿ ಪ್ಲಾಟ್‌ಫಾರ್ಮ್ ಬಿಟ್ಟದ್ದು. ಅನುಕ್ರಮ ತಪ್ಪಿದರೆ, ಮುಖ್ಯವಾಗಿ ವಿದ್ಯುತ್ ಕಡಿತ ರೈಲು ತಡೆಗಿಂತ ಮೊದಲೇ ಆದರೆ, ಸಮಯ ಎಷ್ಟೇ ಕಡಿಮೆಯಿದ್ದರೂ ಆ ಓಟ ಅನುತ್ತೀರ್ಣ.

ಮೂರು ಸಲ ಮಾಡಿ ಸರಾಸರಿ ತೆಗೆಯಬೇಡಿ, ಅತಿ ಉದ್ದದ ಸಮಯವನ್ನೇ ಇಟ್ಟುಕೊಳ್ಳಿ. ಅಣಕು ಕವಾಯತಿಗೆಂದು ಆರಿಸಿ ತಂದ ಅನುಭವಿಗಳಿಂದ ಮಾಡಿಸಬೇಡಿ, ಆ ಪಾಳಿಯಲ್ಲಿ ನಿಜವಾಗಿ ಇರುವವರೇ ಮಾಡಲಿ. ಎರಡನೇ ಓಟದಲ್ಲಿ ಮುನ್ಸೂಚನೆಯಿಲ್ಲದೆ ಒಂದು ಸಾಧನ ಕೆಡಿಸಿ: ಚಾಲಕನ ರೇಡಿಯೊ ಆರಿಸಿ, ಇಲ್ಲವೇ ಪ್ಲಾಟ್‌ಫಾರ್ಮಿನ ಕ್ಯಾಮೆರಾ ಮುಚ್ಚಿ. ಸುದ್ದಿ ಬೇರೆ ದಾರಿಯಿಂದ ಹೋಗುತ್ತದೆಯೇ ಎಂಬುದು ಆಗಲೇ ತಿಳಿಯುವುದು.

ಸುಳ್ಳು ಅಲಾರಂಗಳ ಲೆಕ್ಕ ಇದರ ಜೊತೆಗೇ ಸಾಗಬೇಕು. ಯಾವ ಸಂವೇದಕ ತಿಂಗಳಿಗೆ ಎಷ್ಟು ಸಲ ಸುಮ್ಮನೆ ಕೂಗಿತು ಎಂದು ಬರೆದಿಡಿ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಸಲ ಕೂಗಿದ್ದನ್ನು ವಾರದೊಳಗೆ ಬದಲಿಸಿ. ಕ್ಯಾಮೆರಾ ನೋಡದೆ ಅಲಾರಂ ರದ್ದು ಮಾಡಲು ಆಗದಂತೆ, ಅಲಾರಂ ಬಂದ ಕೂಡಲೇ ಹತ್ತಿರದ ಕ್ಯಾಮೆರಾದ ಚಿತ್ರ ತಾನಾಗಿ ಪರದೆಗೆ ಬರುವಂತೆ ಜೋಡಿಸಿ. ನೂರು ಪರದೆಗಳ ಮುಂದೆ ಕುಳಿತ ಒಬ್ಬ ಏನನ್ನೂ ನೋಡುವುದಿಲ್ಲ. ಅವನನ್ನು ಬೈದು ಪ್ರಯೋಜನವಿಲ್ಲ, ಕಣ್ಣಿಗೆ ಅಷ್ಟು ಶಕ್ತಿಯಿಲ್ಲ.

ಘಟನೆಯ ನಂತರದ ಹೊಣೆಯನ್ನೂ ಯೋಜನೆಯಲ್ಲಿ ಬರೆಯಬೇಕು. ಡೇಗುವಿನಲ್ಲಿ ತನಿಖೆ ಮುಗಿಯುವ ಮೊದಲೇ ನಿಲ್ದಾಣವನ್ನು ತೊಳೆದು, ಅವಶೇಷವನ್ನು ಡಿಪೋಗೆ ಸಾಗಿಸಿದರು. ಬಳಿಕ ಆ ರಾಶಿಯಲ್ಲಿ ಮೃತರ ದೇಹದ ಅವಶೇಷಗಳೂ ವಸ್ತುಗಳೂ ಸಿಕ್ಕವು. ತಮ್ಮವರನ್ನು ಗುರುತಿಸಲು ಕಾದಿದ್ದ ಕುಟುಂಬಗಳಿಗೆ ಅದು ಎರಡನೇ ಆಘಾತ. ಜಾಗ ಬಿಟ್ಟುಕೊಡುವ ಅಧಿಕಾರ ತನಿಖಾಧಿಕಾರಿಯದು, ಸೇವೆ ಪುನರಾರಂಭಿಸುವ ಆತುರದಲ್ಲಿರುವ ಸಂಸ್ಥೆಯದಲ್ಲ ಎಂಬ ಒಂದು ಸಾಲು ಮೊದಲೇ ಇರಬೇಕು.

ಅದೇ ದಾಳಿ, ಬೇರೆ ಫಲ

2014ರ ಮೇ 28ರಂದು ಸೋಲ್ ನಗರದ ಮೂರನೇ ಮಾರ್ಗದಲ್ಲಿ, ದೊಗೊಕ್ ನಿಲ್ದಾಣದ ಬಳಿ, 70 ದಾಟಿದ ವ್ಯಕ್ತಿಯೊಬ್ಬ ರೈಲಿನೊಳಗೆ ಬೆಂಕಿ ಹಚ್ಚಿದ. ಅದೇ ಬೋಗಿಯಲ್ಲಿದ್ದ ಮೆಟ್ರೊ ಸಿಬ್ಬಂದಿಯೊಬ್ಬರು ಪ್ರಯಾಣಿಕರ ನೆರವಿನಿಂದ ಅಗ್ನಿಶಾಮಕ ಸಿಲಿಂಡರ್ ಹಿಡಿದು ನಂದಿಸಿದರು. ಯಾರೂ ಸಾಯಲಿಲ್ಲ. 2025ರ ಮೇ 31ರಂದು ಐದನೇ ಮಾರ್ಗದಲ್ಲಿ, ಹಾನ್ ನದಿಯಡಿಯ ಸುರಂಗದಲ್ಲಿ, ಯೊಯಿನಾರು ಮತ್ತು ಮಾಪೊ ನಿಲ್ದಾಣಗಳ ನಡುವೆ ಮತ್ತೊಬ್ಬ ಅದನ್ನೇ ಮಾಡಿದ. ರೈಲಿನಲ್ಲಿ 400ಕ್ಕೂ ಹೆಚ್ಚು ಜನರಿದ್ದರು. 20ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಸಾವಿಲ್ಲ. ದೊಡ್ಡ ಹಾನಿಯಾದದ್ದು ಒಂದು ಬೋಗಿಗೆ ಮಾತ್ರ. ಚೆಲ್ಲಿದ ದ್ರವ ಉರಿಯಿತು, ಬೋಗಿ ಅದಕ್ಕೆ ಜೊತೆಗೂಡಲಿಲ್ಲ. ಚಾಲಕ ಮತ್ತು ಪ್ರಯಾಣಿಕರು ಸಿಲಿಂಡರ್‌ಗಳಿಂದ ಬೆಂಕಿ ನಂದಿಸಿದರು.

ದಾಳಿಕೋರರನ್ನು ಮೊದಲೇ ಗುರುತಿಸಲು ಈ ಎರಡು ಸಲವೂ ಆಗಲಿಲ್ಲ. ಬದಲಾಗಿದ್ದದ್ದು ಗೋಡೆ, ಸೀಟು, ಕೈಗೆ ಸಿಗುವ ಸಿಲಿಂಡರ್ ಮತ್ತು ಕಾಯದೆ ಕೆಲಸಕ್ಕಿಳಿದ ಜನ. ಸಿಲಿಂಡರ್ ಬೋಗಿಗೆ ಎರಡು, ಎರಡೂ ತುದಿಯಲ್ಲಿ ಒಂದೊಂದು ಇರಬೇಕು. ನಡುವೆ ಬೆಂಕಿ ಬಿದ್ದರೆ ಎರಡೂ ಕಡೆಯವರಿಗೆ ಒಂದಾದರೂ ಸಿಗುವಂತಿರಬೇಕು. ಕಳವಾಗುತ್ತವೆಂದು ಬೀಗ ಹಾಕಿದ ಪೆಟ್ಟಿಗೆಯಲ್ಲಿಡುವವರಿದ್ದಾರೆ. ಅದರ ಬದಲು ಮುಚ್ಚಳ ತೆರೆದರೆ ಚಾಲಕನಿಗೆ ಸದ್ದಾಗುವ ಸ್ವಿಚ್ ಇಡಿ. ಕಳವೂ ಕಡಿಮೆಯಾಗುತ್ತದೆ, ಬೆಂಕಿಯ ಸುದ್ದಿ ತಲುಪಿಸುವ ಇನ್ನೊಂದು ದಾರಿಯೂ ಆಗುತ್ತದೆ.

ಐದನೇ ಮಾರ್ಗದ ಘಟನೆ ಒಂದು ಹೊಸ ಪ್ರಶ್ನೆಯನ್ನು ಮುಂದಿಟ್ಟಿದೆ. ಅಂದು ಪ್ರಯಾಣಿಕರು ತಾವೇ ಬಾಗಿಲು ತೆರೆದು ಹಳಿಗಿಳಿದು ಸುರಂಗದಲ್ಲಿ ನಡೆದರು. ಡೇಗುವಿನಲ್ಲಿ ತೆರೆಯದ ಬಾಗಿಲು ಈಗ ತೆರೆಯುತ್ತದೆ. ತೆರೆದ ಮರುಗಳಿಗೆಯೇ ಜನ ಹಳಿಯ ಮೇಲಿರುತ್ತಾರೆ. ಆದ್ದರಿಂದ ಗಡಿಯಾರದ ಪರೀಕ್ಷೆಗೆ ಎಂಟನೇ ಸಮಯ ಸೇರಿಸಬೇಕು: ಮೊದಲ ತುರ್ತು ಹಿಡಿ ಎಳೆದ ಗಳಿಗೆಯಿಂದ ಎದುರು ಹಳಿಯಲ್ಲಿ ಕೊನೆಯ ರೈಲು ನಿಲ್ಲುವವರೆಗೆ. ಹಿಡಿ ಎಳೆದ ಸಂಕೇತ ಚಾಲಕನ ಪರದೆಯಲ್ಲಿ ಮಿನುಗಿ ಅಲ್ಲೇ ಉಳಿಯಬಾರದು. ಅದು ನೇರವಾಗಿ ಸಿಗ್ನಲ್ ವ್ಯವಸ್ಥೆಗೆ ಹೋಗಿ ಎದುರು ಹಳಿಯನ್ನು ಕೆಂಪು ಮಾಡಬೇಕು, ನಡುವೆ ಯಾರೂ ಫೋನ್ ಎತ್ತದೆ.